ಯಾರೂ ಹೋಗದ ಊರು

ಯುರೋಪಿಗೆ ಹೋಗಿಬರುವುದು ಈಗ ನಮ್ಮಲ್ಲಿ ಹಿಂದಿನಷ್ಟು ಅಪರೂಪದ ಸಂಗತಿಯಲ್ಲ. ಮಗ ಜರ್ಮನಿಯಲ್ಲಿದ್ದಾನೆ, ಮಗಳು-ಅಳಿಯ ಐರ್ಲೆಂಡಿನಲ್ಲಿದ್ದಾರೆ ಎಂಬ ಮಾತನ್ನು ಬೆಂಗಳೂರಿನಲ್ಲಿ ಮಾತ್ರವಲ್ಲ, ಭಟ್ಕಳದಲ್ಲೂ ಹುಬ್ಬಳ್ಳಿಯಲ್ಲೂ ಕೇಳುತ್ತೇವೆ. ಮಕ್ಕಳನ್ನು ನೋಡಲು ಹೋದ ಹಿರಿಯರು ನಡುವೆ ಒಂದು ವಾರ ಎಲ್ಲಾದರೂ ಸುತ್ತಾಡಿ ಬರಬೇಕೆಂದು ಆಸೆಪಡುವುದು ಸಹಜ. ಪ್ಯಾರಿಸ್, ರೋಮ್, ವೆನಿಸ್‌ಗಳ ನೂಕುನುಗ್ಗಲಿನ ಕಥೆ ಅವರಿಗೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಅವರು ಕೇಳುವ ಪ್ರಶ್ನೆ ಒಂದೇ: “ಬೇಸಿಗೆಯಲ್ಲಿ ಯಾರೂ ಹೋಗದ, ಆದರೆ ನೋಡುವಂಥ ಊರು ಯಾವುದಿದೆ?”

ಕೇಳಲು ಇದು ಟಿಕೆಟು, ಹೋಟೆಲುಗಳಿಗೆ ಸಂಬಂಧಿಸಿದ ಪ್ರಶ್ನೆ. ಸ್ವಲ್ಪ ಕೆದಕಿ ನೋಡಿದರೆ ಇದರೊಳಗೆ ನೀತಿಯ ಪ್ರಶ್ನೆಯೊಂದು ಅಡಗಿ ಕುಳಿತಿರುವುದು ಕಾಣುತ್ತದೆ. ‘ಯಾರೂ ಹೋಗದ ಊರು’ ಎನ್ನುವಾಗ ಆ ‘ಯಾರೂ’ ಎಂಬ ಲೆಕ್ಕದಲ್ಲಿ ಯಾರಿದ್ದಾರೆ, ಯಾರಿಲ್ಲ? ಆ ಊರಿನಲ್ಲಿ ಹುಟ್ಟಿ, ಅಲ್ಲೇ ಅಂಗಡಿ ಇಟ್ಟುಕೊಂಡು, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸುತ್ತಿರುವ ಮಂದಿ ಎಲ್ಲಿ ಹೋದರು? ನಮಗೆ ಬೇಕಾದ ಏಕಾಂತಕ್ಕೆ ಅವರು ಯಾವ ಬೆಲೆ ತೆರಬೇಕಾಗುತ್ತದೆ?

ಮೊದಲು ಜನಜಂಗುಳಿಯ ವಿಷಯವನ್ನೇ ನೋಡೋಣ. ಅದನ್ನು ಬೈಯುವುದು ಸುಲಭ. ಆದರೆ ಅದರ ಹಿಂದೆ ಹೆಮ್ಮೆಪಡಬಹುದಾದ ಚರಿತ್ರೆಯೊಂದಿದೆ. ಒಂದು ಕಾಲಕ್ಕೆ ಯುರೋಪಿನಲ್ಲಿ ಸುಖಪ್ರವಾಸವೆಂದರೆ ಜಮೀನುದಾರರ, ಶ್ರೀಮಂತರ ಮಕ್ಕಳ ಸ್ವತ್ತಾಗಿತ್ತು. 1841ರಲ್ಲಿ ಇಂಗ್ಲೆಂಡಿನ ಥಾಮಸ್ ಕುಕ್ ಎಂಬಾತ ಲೆಸ್ಟರ್‌ನಿಂದ ಲಫ್‌ಬರೊ ಊರಿಗೆ ಒಂದು ಶಿಲ್ಲಿಂಗ್ ದರದಲ್ಲಿ ರೈಲು ಯಾತ್ರೆ ಏರ್ಪಡಿಸಿದ. ಅದು ಪಾನನಿಷೇಧದ ಸಭೆಯೊಂದಕ್ಕೆ ಹೊರಟ ಸಾಮಾನ್ಯ ಜನರ ಯಾತ್ರೆಯಾಗಿತ್ತು. 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಮುಷ್ಕರ ಹೂಡಿದ ಮೇಲೆ ಅಲ್ಲಿನ ಸರಕಾರ ದುಡಿಯುವವರಿಗೆಲ್ಲ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಡುವ ಕಾನೂನು ಮಾಡಿತು. ಅದುವರೆಗೆ ಸಮುದ್ರವನ್ನೇ ಕಾಣದಿದ್ದ ಎಷ್ಟೋ ಕುಟುಂಬಗಳು ಆ ಬೇಸಿಗೆಯಲ್ಲಿ ಮೊದಲ ಬಾರಿಗೆ ಮರಳಿನ ಮೇಲೆ ಕಾಲಿಟ್ಟವು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಯುರೋಪಿನ ಕಡಲತೀರಗಳು ತುಂಬಿ ತುಳುಕುವುದು ಶಾಲೆಗಳಿಗೂ ಕಾರ್ಖಾನೆಗಳಿಗೂ ಒಂದೇ ಸಮಯದಲ್ಲಿ ರಜೆ ಸಿಗುವುದರಿಂದ. ಆದ್ದರಿಂದ ಜಂಗುಳಿಯನ್ನು ಕಂಡು ಮೂಗು ಮುರಿಯುವ ಮೊದಲು ನಾವು ಯೋಚಿಸಬೇಕು. ‘ಇತರ ಪ್ರವಾಸಿಗರು’ ಎಂಬ ಕಾಟ ನಮಗೆ ಮಾತ್ರ ಇರುವುದಲ್ಲ. ಅವರ ಲೆಕ್ಕದಲ್ಲಿ ನಾವೂ ಇತರರೇ.

ಹಾಗೆಂದು ಜಂಗುಳಿಯಿಂದ ಆಗುವ ನೋವು ಸುಳ್ಳಲ್ಲ. ವೆನಿಸ್ ನಗರದ ಹಳೆಯ ದ್ವೀಪಭಾಗದಲ್ಲಿ 1951ರಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ದುರಸ್ತಿಗೆ ದುಬಾರಿಯಾದ ಹಳೆಯ ಮನೆಗಳು, ಪ್ರವಾಹ, ಎದುರು ದಡದಲ್ಲಿ ಸಿಗುತ್ತಿದ್ದ ಕೆಲಸ, ಹೀಗೆ ಜನ ಹೊರಟುಹೋಗಲು ಹಲವು ಕಾರಣಗಳಿದ್ದವು. ಆದರೆ ಖಾಲಿಯಾದ ಮನೆಗಳಿಗೆ ಮತ್ತೆ ಕುಟುಂಬಗಳು ಬರಲಿಲ್ಲ, ಪ್ರವಾಸಿಗರ ಹಾಸಿಗೆಗಳು ಬಂದವು. 2024ರ ಏಪ್ರಿಲ್ 25ರಿಂದ ಕೆಲವು ಗೊತ್ತುಮಾಡಿದ ದಿನಗಳಲ್ಲಿ, ರಾತ್ರಿ ಉಳಿಯದೆ ಹಗಲಲ್ಲಷ್ಟೇ ಬಂದುಹೋಗುವವರಿಂದ ನಗರಸಭೆ 5 ಯೂರೊ ವಸೂಲಿ ಮಾಡತೊಡಗಿತು. ಟಿಕೆಟು ಕೊಂಡು ಊರಿನೊಳಗೆ ಹೋಗುವುದೆಂದರೆ ಊರು ವಸ್ತುಸಂಗ್ರಹಾಲಯವಾಯಿತೆಂದೇ ಅರ್ಥವಲ್ಲವೆ ಎಂದು ಅಲ್ಲಿನ ಕೆಲವು ನಿವಾಸಿಗಳೇ ಪ್ರತಿಭಟಿಸಿದರು. ಬಾರ್ಸಿಲೋನಾದಲ್ಲಿ 2024ರ ಜುಲೈನಲ್ಲಿ ಮೆರವಣಿಗೆ ಹೊರಟ ಕೆಲವರು ಹೋಟೆಲುಗಳ ಮುಂದೆ ಊಟಕ್ಕೆ ಕುಳಿತಿದ್ದ ಪ್ರವಾಸಿಗರ ಮೇಲೆ ಮಕ್ಕಳ ಪಿಚಕಾರಿಯಿಂದ ನೀರು ಎರಚಿದರು. ಪತ್ರಿಕೆಗಳಿಗೆ ಅದೊಂದು ತಮಾಷೆಯ ಚಿತ್ರವಾಯಿತು. ಮೆರವಣಿಗೆಯವರ ನಿಜವಾದ ಕೂಗು ಮನೆ ಬಾಡಿಗೆಯ ಕುರಿತಾಗಿತ್ತು. ಅದಕ್ಕೆ ಒಂದು ತಿಂಗಳು ಮೊದಲು ಅಲ್ಲಿನ ಮೇಯರ್ ಜೌಮೆ ಕೊಲ್ಬೋನಿ, ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡುವ 10,101 ಫ್ಲಾಟುಗಳ ಪರವಾನಗಿಯನ್ನು 2028ರ ನಂತರ ಮುಂದುವರಿಸುವುದಿಲ್ಲವೆಂದು ಘೋಷಿಸಿದ್ದರು.

ಸರಿ, ಹಾಗಾದರೆ ಪ್ರಸಿದ್ಧ ಊರುಗಳನ್ನು ಬಿಟ್ಟು ಯಾರೂ ಹೋಗದ ಕಡೆ ಹೋಗೋಣ ಎನ್ನುತ್ತೇವೆ. ಅದರಿಂದ ವೆನಿಸ್‌ಗೂ ಉಸಿರಾಡಲು ಬಿಡುವು, ನಮಗೂ ನೆಮ್ಮದಿ. ತರ್ಕ ನೇರವಾಗಿದೆ, ಒಳ್ಳೆಯ ಮನಸ್ಸಿನದೂ ಹೌದು. ಆದರೆ ಇಲ್ಲೊಂದು ತೊಡಕಿದೆ. ಫ್ರೆಡ್ ಹಿರ್ಷ್ ಎಂಬ ಅರ್ಥಶಾಸ್ತ್ರಜ್ಞ 1976ರಲ್ಲಿ ಬರೆದ ಪುಸ್ತಕವೊಂದರಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾನೆ. ಅನ್ನ, ಬಟ್ಟೆ, ಔಷಧಿಗಳು ಎಲ್ಲರಿಗೂ ದೊರೆತರೆ ಯಾರಿಗೂ ನಷ್ಟವಿಲ್ಲ. ಕೆಲವು ಸುಖಗಳು ಮಾತ್ರ ಬೇರೆಯವರಿಗೆ ಇಲ್ಲದಿದ್ದಾಗಷ್ಟೇ ಸುಖವಾಗಿರುತ್ತವೆ. ಗುಂಪಿನಲ್ಲಿ ಒಬ್ಬ ತುದಿಗಾಲ ಮೇಲೆ ನಿಂತರೆ ಅವನಿಗೆ ಮೆರವಣಿಗೆ ಚೆನ್ನಾಗಿ ಕಾಣುತ್ತದೆ. ಎಲ್ಲರೂ ತುದಿಗಾಲ ಮೇಲೆ ನಿಂತರೆ ಕಾಲು ನೋಯುತ್ತದೆಯೇ ಹೊರತು ಕಾಣುವುದು ಮೊದಲಿನಷ್ಟೆ. ನಿಶ್ಶಬ್ದವಾದ ಊರು ಇಂಥದೊಂದು ಸುಖ. ಅದನ್ನು ಇನ್ನೊಬ್ಬರಿಗೆ ಹೇಳಿದಷ್ಟೂ ಅದು ಕರಗುತ್ತ ಹೋಗುತ್ತದೆ.

ಸ್ವಿಟ್ಜರ್ಲೆಂಡಿನ ಬ್ರೀನ್ಜ್ ಸರೋವರದ ದಂಡೆಯಲ್ಲಿ ಇಸೆಲ್ಟ್‌ವಾಲ್ಡ್ ಎಂಬ ಹಳ್ಳಿಯಿದೆ. ಜನಸಂಖ್ಯೆ ನಾನೂರರ ಆಸುಪಾಸು. ನಮ್ಮ ಹಿಂದಿ ಸಿನಿಮಾದವರು ಹೆಸರುವಾಸಿ ಮಾಡಿದ ಇಂಟರ್‌ಲಾಕೆನ್ ಪಟ್ಟಣಕ್ಕೆ ಇದು ಹತ್ತಿರವೇ ಇದ್ದರೂ ಹೊರದೇಶದ ಗುಂಪುಗಳ ಕಣ್ಣಿಗೆ ಹೆಚ್ಚು ಬಿದ್ದಿರಲಿಲ್ಲ. 2019ರಲ್ಲಿ ಪ್ರಸಾರವಾದ ಕೊರಿಯಾದ ಧಾರಾವಾಹಿಯೊಂದರಲ್ಲಿ ನಾಯಕ ಇಲ್ಲಿನ ದೋಣಿಕಟ್ಟೆಯ ಮೇಲೆ ಕುಳಿತು ಪಿಯಾನೊ ನುಡಿಸುವ ದೃಶ್ಯವಿತ್ತು. ಆಮೇಲೆ ಬಸ್ಸುಗಟ್ಟಲೆ ಜನ ಬಂದು ಅದೇ ಕಟ್ಟೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳತೊಡಗಿದರು. 2023ರಲ್ಲಿ ಹಳ್ಳಿಯವರು ಆ ಕಟ್ಟೆಗೆ ತಿರುಗುವ ಗೇಟು ಹಾಕಿ, ತಲೆಗೆ 5 ಫ್ರಾಂಕ್ ಶುಲ್ಕ ಇಟ್ಟರು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬ ಊರಿನದೂ ಇಂಥದೇ ಅವಸ್ಥೆ. ಎಂಟುನೂರು ಜನರೂ ಇಲ್ಲದ ಆ ಊರಿಗೆ ಸೀಸನ್ನಿನಲ್ಲಿ ಒಂದು ದಿನಕ್ಕೆ ಹತ್ತು ಸಾವಿರದವರೆಗೆ ಜನ ಬರುತ್ತಾರೆ. 2012ರಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಅದರ ನಕಲು ಊರನ್ನೇ ಕಟ್ಟಿದರು. 2023ರಲ್ಲಿ ಹಾಲ್‌ಸ್ಟಾಟ್‌ನವರು ಫೋಟೊದವರ ಹಾವಳಿ ತಡೆಯಲು ಸರೋವರದ ನೋಟಕ್ಕೆ ಅಡ್ಡವಾಗಿ ಮರದ ಬೇಲಿ ಹಾಕಿದರು, ಟೀಕೆ ಬಂದ ಮೇಲೆ ತೆಗೆದರು. ತಮ್ಮೂರಿನ ಚೆಲುವನ್ನು ತಾವೇ ಮರೆಮಾಡಿಕೊಳ್ಳಬೇಕಾದ ಸ್ಥಿತಿ ಇದು.

ಪ್ರವಾಸೋದ್ಯಮವನ್ನು ಅಧ್ಯಯನ ಮಾಡಿದ ಡಾಕ್ಸಿ ಎಂಬ ವಿದ್ವಾಂಸ 1975ರಲ್ಲೇ ಊರಿನವರ ಮನಸ್ಸು ಹೇಗೆ ಬದಲಾಗುತ್ತದೆಂದು ನಾಲ್ಕು ಹಂತಗಳಲ್ಲಿ ಹೇಳಿದ್ದ. ಮೊದಲು ಸಂಭ್ರಮ, ಆಮೇಲೆ ಉದಾಸೀನ, ಆಮೇಲೆ ಕಿರಿಕಿರಿ, ಕೊನೆಗೆ ಹಗೆ. ಉರ್ದುವಿನಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳುವ ಗಾದೆಯಿದೆ: ಒಂದು ದಿನ ಮೆಹಮಾನ್, ಎರಡನೇ ದಿನ ಮೆಹಮಾನ್, ಮೂರನೇ ದಿನ ಬಲಾ-ಎ-ಜಾನ್. ಮೂರನೆಯ ದಿನಕ್ಕೆ ಅತಿಥಿ ಪ್ರಾಣ ತಿನ್ನುವ ಪೀಡೆಯಾಗುತ್ತಾನೆ. ಮನೆಗೆ ಬಂದ ನೆಂಟನ ವಿಷಯದಲ್ಲಿ ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಈ ಸತ್ಯವನ್ನು ಊರಿಗೆ ಬರುವ ನೆಂಟರ ವಿಷಯದಲ್ಲಿ ಅರಿಯಲು ವಿದ್ವಾಂಸರು ಬೇಕಾಯಿತು.

ಈಗ ‘ಯಾರೂ ಹೋಗದ’ ಪಟ್ಟಿಗಳಲ್ಲಿ ಕೆಲವು ವರ್ಷಗಳಿಂದ ಮೇಲೆಯೇ ಇರುವ ಅಲ್ಬೇನಿಯಾವನ್ನು ನೋಡೋಣ. ಬಹುಪಾಲು ಮುಸ್ಲಿಮ್ ಮನೆತನದವರಿರುವ, ಸಾಂಪ್ರದಾಯಿಕ ಕ್ರೈಸ್ತರೂ ಕೆಥೊಲಿಕರೂ ಬೆಕ್ತಾಶಿ ಸೂಫಿಗಳೂ ಜೊತೆಯಾಗಿ ಬಾಳುವ ಈ ಸಣ್ಣ ದೇಶ 1990ರವರೆಗೆ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡಿತ್ತು. 2023ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 24 ಲಕ್ಷ. ಅದೇ ವರ್ಷ ಅಲ್ಲಿಗೆ ಬಂದ ವಿದೇಶಿಯರು ಒಂದು ಕೋಟಿಗೂ ಹೆಚ್ಚು. ಕ್ಸಮಿಲ್ ಎಂಬ ಕಡಲೂರನ್ನು ಯಾರೋ ‘ಯುರೋಪಿನ ಮಾಲ್ಡೀವ್ಸ್’ ಎಂದರು, ಮರಳ ಮೇಲೆ ಬಾಡಿಗೆ ಮಂಚಗಳ ಸಾಲು ಸಾಲು ಬಂತು. ವ್ಯೋಸಾ ನದಿಯನ್ನು ಅಣೆಕಟ್ಟುಗಳಿಂದ ಉಳಿಸಲು ಜನ ವರ್ಷಗಟ್ಟಲೆ ಹೋರಾಡಿ, 2023ರ ಮಾರ್ಚಿನಲ್ಲಿ ಅದು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಆದರೆ ಅದೇ ನದಿ ಸಮುದ್ರ ಸೇರುವ ಕಡೆ, ವಲಸೆ ಹಕ್ಕಿಗಳು ತಂಗುವ ನಾರ್ತಾ ಹಿನ್ನೀರಿನ ಬಳಿ, ಪ್ರವಾಸಿಗರಿಗಾಗಿ ವಿಮಾನ ನಿಲ್ದಾಣದ ಕೆಲಸ ನಡೆಯಿತು. ನದಿಯ ಮೇಲ್ಭಾಗವನ್ನು ಉಳಿಸಿದ ದೇಶವೇ ಕೆಳಭಾಗದಲ್ಲಿ ವಿಮಾನಗಳನ್ನು ಕರೆಯುತ್ತಿದೆ.

ಇದಕ್ಕಾಗಿ ಅಲ್ಬೇನಿಯಾದವರನ್ನು ದೂರಲು ನಮಗೆ ಮನಸ್ಸಾಗುವುದಿಲ್ಲ. ದುಡಿಮೆ ಹುಡುಕಿ ಮಕ್ಕಳು ಗ್ರೀಸಿಗೂ ಇಟಲಿಗೂ ಹೊರಟುಹೋದ ದೇಶ ಅದು. ಬರುವವರಿಂದ ನಾಲ್ಕು ಕಾಸು ಬಂದರೆ ಮಗ ಮನೆಯಲ್ಲೇ ಉಳಿದಾನು ಎಂದು ತಾಯಿ ಆಶಿಸಿದರೆ ಅದರಲ್ಲಿ ತಪ್ಪೇನು? ಬಡವರ ಊರು ಬಡತನದಲ್ಲೇ ಇದ್ದರೆ ನೋಡಲು ಚೆಂದ ಎನ್ನುವುದು ಹೊಟ್ಟೆ ತುಂಬಿದವನ ರಸಿಕತೆ. ದಕ್ಷಿಣ ಇಟಲಿಯ ಮತೇರಾ ಪಟ್ಟಣದ ಕಥೆಯಲ್ಲಿ ಇದಕ್ಕೆ ಪಾಠವಿದೆ. ಅಲ್ಲಿನ ಬಡವರು ಬಂಡೆ ಕೊರೆದ ಗುಹೆಗಳಲ್ಲಿ ಕತ್ತೆ, ಕೋಳಿಗಳೊಂದಿಗೆ ಒಂದೇ ಸೂರಿನಡಿ ಬದುಕುತ್ತಿದ್ದರು. ಕಾರ್ಲೊ ಲೆವಿ 1945ರ ತನ್ನ ಪುಸ್ತಕದಲ್ಲಿ ಆ ದುರವಸ್ಥೆಯನ್ನು ಲೋಕಕ್ಕೆ ತಿಳಿಸಿದ. ರಾಜಕಾರಣಿಗಳು ಅದನ್ನು ದೇಶದ ನಾಚಿಕೆಗೇಡೆಂದರು. 1952ರಲ್ಲಿ ಕಾನೂನು ಮಾಡಿ ಸುಮಾರು 15,000 ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸಿದರು. 1993ರಲ್ಲಿ ಅದೇ ಗುಹೆಗಳು ಯುನೆಸ್ಕೊ ಪರಂಪರೆಯ ಪಟ್ಟಿ ಸೇರಿದವು. 2019ರಲ್ಲಿ ಮತೇರಾ ಯುರೋಪಿನ ಸಾಂಸ್ಕೃತಿಕ ರಾಜಧಾನಿಗಳಲ್ಲಿ ಒಂದಾಯಿತು. ಮಲೇರಿಯಾದಿಂದ ಮಕ್ಕಳು ಸಾಯುತ್ತಿದ್ದ ಗುಹೆಗಳಲ್ಲಿ ಈಗ ದುಬಾರಿ ಹೋಟೆಲುಗಳಿವೆ. ಊರಿಗೆ ಸಂಪತ್ತು ಬಂದುದು ಒಳ್ಳೆಯದೇ. ಆದರೆ ಆ ಗುಹೆಯಲ್ಲಿ ಹುಟ್ಟಿ ಬೆಳೆದವರು ಅಲ್ಲಿ ಒಂದು ರಾತ್ರಿ ಮಲಗಲು ಎಷ್ಟು ಕೊಡಬೇಕಾದೀತು ಎಂದು ಯೋಚಿಸಿದರೆ ಮಾತು ಹೊರಡುವುದಿಲ್ಲ.

ಇನ್ನೊಂದು ಕಡೆ, ಯಾರಾದರೂ ಬನ್ನಿ ಎಂದು ಕಾದು ಕುಳಿತ ಊರುಗಳೂ ಇವೆ. ಇಟಲಿಯ ಮೊಲಿಸೆ ಪ್ರಾಂತದಲ್ಲಿ ಈಗ ಮೂರು ಲಕ್ಷ ಜನರೂ ಇಲ್ಲ. ‘ಮೊಲಿಸೆ ಎಂಬುದು ಇಲ್ಲವೇ ಇಲ್ಲ’ ಎಂದು ಇಟಲಿಯವರು ತಮಾಷೆ ಮಾಡುವಷ್ಟು ಅದು ಮರೆತುಹೋದ ಜಾಗ. ಸ್ಪೇನಿನ ತೆರುಯೆಲ್, ಸೋರಿಯಾ ಸೀಮೆಗಳಲ್ಲಿ ಹಳ್ಳಿಗಳು ಒಂದೊಂದಾಗಿ ಬರಿದಾಗುತ್ತಿವೆ. ‘ತೆರುಯೆಲ್ ಕೂಡ ಇದೆ’ ಎಂಬುದನ್ನೇ ಹೆಸರಾಗಿಟ್ಟುಕೊಂಡು ಅಲ್ಲಿನ ಜನ ಚಳವಳಿ ಕಟ್ಟಿದರು. 2019ರಲ್ಲಿ ಅವರಲ್ಲೊಬ್ಬರು ಗೆದ್ದು ಪಾರ್ಲಿಮೆಂಟಿಗೂ ಹೋದರು. ಅವರ ಬೇಡಿಕೆ ರೈಲು, ರಸ್ತೆ, ಆಸ್ಪತ್ರೆಗಳದು. ನಾವು ‘ಯಾರೂ ಹೋಗದ ಊರು’ ಎಂದು ಸಂಭ್ರಮಿಸುವುದನ್ನು ಅಲ್ಲಿನವರು ‘ಎಲ್ಲರೂ ಬಿಟ್ಟುಹೋದ ಊರು’ ಎಂದು ದುಃಖದಿಂದ ಹೇಳುತ್ತಾರೆ.

ಹಾಗಾದರೆ ಹೋಗುವುದು ಸರಿಯೋ, ಹೋಗದಿರುವುದು ಸರಿಯೋ? ಈ ಪ್ರಶ್ನೆಯನ್ನು ಹಕ್ಕಿನ ಮಾತಾಗಿ ನೋಡಿದವನು ಜರ್ಮನ್ ತತ್ವಜ್ಞಾನಿ ಕಾಂಟ್. ತನ್ನ ಕ್ಯೋನಿಗ್ಸ್‌ಬರ್ಗ್ ಸೀಮೆಯನ್ನು ಬಿಟ್ಟು ದೂರ ಹೋಗದೆ ಬಾಳಿದ ಈತ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಪರಊರಿಗೆ ಬಂದವನ ಹಕ್ಕೇನು ಎಂದು ವಿಚಾರಿಸಿದ್ದಾನೆ. ಭೂಮಿ ದುಂಡಗಿದೆ, ಅದರ ಮೇಲ್ಮೈ ಎಲ್ಲರಿಗೂ ಸೇರಿದ್ದು, ಆದ್ದರಿಂದ ಯಾವನಿಗೂ ಇನ್ನೊಂದು ಊರಿಗೆ ಹೋಗಿ ಬಾಗಿಲಲ್ಲಿ ನಿಲ್ಲುವ ಹಕ್ಕಿದೆ. ಶಾಂತವಾಗಿ ನಡೆದುಕೊಳ್ಳುವವರೆಗೆ ಅವನನ್ನು ಶತ್ರುವೆಂದು ಕಾಣಬಾರದು. ವಾಪಸು ಕಳಿಸಬಹುದು, ಆದರೆ ಕಳಿಸಿದ್ದರಿಂದ ಅವನ ಪ್ರಾಣ ಹೋಗುವಂತಿರಬಾರದು. ಇದು ಭೇಟಿಯ ಹಕ್ಕು. ಮನೆಯೊಳಗೆ ಉಳಿಸಿಕೊಂಡು ಉಪಚರಿಸಿ ಎಂದು ಕೇಳುವ ಹಕ್ಕು ಮಾತ್ರ ಅವನಿಗಿಲ್ಲ, ಅದು ಮನೆಯವರ ಔದಾರ್ಯಕ್ಕೆ ಬಿಟ್ಟದ್ದು. ಯುರೋಪಿನ ದೇಶಗಳು ಭೇಟಿಗೆಂದು ಹೋದಲ್ಲೆಲ್ಲ ದೇಶಗಳನ್ನೇ ವಶಪಡಿಸಿಕೊಂಡವು ಎಂಬ ಸಿಟ್ಟೂ ಆ ಪುಸ್ತಕದಲ್ಲಿದೆ.

ಇಂದಿನ ಪ್ರವಾಸಿ ಮಾಡುತ್ತಿರುವುದೇನೆಂದರೆ, ಭೇಟಿಯ ಹಕ್ಕನ್ನು ಹಿಡಿದುಕೊಂಡು ಬಂದು, ಉಪಚಾರವನ್ನೂ ಹಣ ಕೊಟ್ಟು ಕೊಂಡ ಹಕ್ಕೆಂದು ತಿಳಿಯುವುದು. ಅದೇ ಸಮಯಕ್ಕೆ ಕಾಂಟ್ ಹೇಳಿದ ಆ ಮೊದಲ ಹಕ್ಕೇ ಸಿಗದವರು ಯುರೋಪಿನ ಬಾಗಿಲಲ್ಲಿದ್ದಾರೆ. ಇಟಲಿಯ ಲಾಂಪೆದೂಸಾ ಎಂಬ ಆರು ಸಾವಿರ ಜನರ ದ್ವೀಪದಲ್ಲಿ ‘ಮೊಲಗಳ ಕಡಲತೀರ’ ಎಂಬ ಜಾಗವಿದೆ. 2013ರಲ್ಲಿ ಪ್ರವಾಸಿಗರು ಅದನ್ನು ಜಗತ್ತಿನ ಅತಿ ಸುಂದರ ಕಡಲತೀರವೆಂದು ಆರಿಸಿದರು. ಅದೇ ವರ್ಷ ಅಕ್ಟೋಬರ್ 3ರ ಬೆಳಗಿನ ಜಾವ, ಆ ತೀರಕ್ಕೆ ತೀರ ಹತ್ತಿರದಲ್ಲಿ, ಲಿಬಿಯಾದಿಂದ ಬರುತ್ತಿದ್ದ ದೋಣಿಯೊಂದಕ್ಕೆ ಬೆಂಕಿ ಹತ್ತಿ ಮಗುಚಿತು. ಎರಿಟ್ರಿಯಾದವರೇ ಹೆಚ್ಚಾಗಿದ್ದ ಅದರಲ್ಲಿ 360ಕ್ಕೂ ಹೆಚ್ಚು ಜನ ಮುಳುಗಿ ಸತ್ತರು. ದ್ವೀಪದ ಮೀನುಗಾರರು ಮತ್ತು ದೋಣಿಯವರು ಕೈಗೆ ಸಿಕ್ಕಿದವರನ್ನು ನೀರಿನಿಂದ ಎಳೆದು ಉಳಿಸಿದರು. ಒಂದೇ ನೀರು, ಒಂದೇ ಮರಳು. ಒಬ್ಬ ಬಂದರೆ ಅತಿಥಿ, ಇನ್ನೊಬ್ಬ ಬಂದರೆ ನುಸುಳುಕೋರ. 90 ಯೂರೊ ವೀಸಾ ಶುಲ್ಕ ಕಟ್ಟಿ, ಬ್ಯಾಂಕಿನ ಲೆಕ್ಕ ತೋರಿಸಿ, ವಾಪಸು ಬರುತ್ತೇವೆಂದು ನಂಬಿಸಿ ಹೋಗುವ ನಮ್ಮವರಿಗೆ ಈ ಎರಡರ ನಡುವಿನ ಗೆರೆ ಎಷ್ಟು ತೆಳುವೆಂದು ಯುರೋಪಿನವರಿಗಿಂತ ಚೆನ್ನಾಗಿ ತಿಳಿದಿರಬೇಕು.

ಹಳೆಯ ಮುಸಾಫಿರರು ಈ ಗೆರೆಯನ್ನು ಹೇಗೆ ದಾಟುತ್ತಿದ್ದರು? 1325ರಲ್ಲಿ ಟ್ಯಾಂಜಿಯರ್‌ನಿಂದ ಹೊರಟ ಇಬ್ನ್ ಬತೂತ ಇಂದಿನ ತುರ್ಕಿಯ ಲಾದಿಕ್ ಎಂಬ ಊರಿಗೆ ಬಂದಾಗ ಬಜಾರಿನಲ್ಲಿ ಕೆಲವರು ಅವನ ಕುದುರೆಯ ಲಗಾಮು ಹಿಡಿದರು. ಇನ್ನೊಂದು ಗುಂಪು ಬಂದು ಅವರೊಂದಿಗೆ ಜಗಳಕ್ಕಿಳಿಯಿತು, ಚೂರಿಗಳು ಹೊರಬಂದವು. ದರೋಡೆಕೋರರೆಂದು ಅವನು ನಡುಗಿದ. ಅತಿಥಿ ಯಾರ ಮನೆಯಲ್ಲಿ ಉಳಿಯಬೇಕೆಂದು ಅವರು ಹೊಡೆದಾಡುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು. ಕೊನೆಗೆ ಚೀಟಿ ಎತ್ತಿ ತೀರ್ಮಾನಿಸಿದರು. ಇದೇ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಅವನು ಗುರುತಿಸಿದ ಸಂಗತಿಗಳಲ್ಲೊಂದು, ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದವು ಎಂಬುದು. ಬಂದರಿಗೆ ಇಳಿದ ಪರದೇಶಿ ಶಾಲೆಗಳನ್ನು ಎಣಿಸಿದ ಎಂಬುದು ನಮಗೆ ಮುಖ್ಯವೆನಿಸುತ್ತದೆ.

ಊರು ಆರಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನಮಗೆ ಕಾಣುತ್ತಿಲ್ಲ. ಅಲ್ಲಿನ ಶಾಲೆ ನಡೆಯುತ್ತಿದೆಯೇ? ಮಕ್ಕಳಿದ್ದಾರೆಯೇ? ನಾವು ಹೋಗುವುದರಿಂದ ಆ ಶಾಲೆ ಉಳಿಯುತ್ತದೆಯೋ, ಬಾಗಿಲು ಹಾಕುತ್ತದೆಯೋ? ಬರಿದಾಗುತ್ತಿರುವ ಮೊಲಿಸೆಯ ಹಳ್ಳಿಯಲ್ಲಿ ನಾಲ್ಕು ದಿನ ಉಳಿದು, ಅಲ್ಲಿನವರ ಅಡುಗೆ ಉಂಡು, ಅಲ್ಲಿನ ಬಸ್ಸಿನಲ್ಲಿ ಓಡಾಡಿದರೆ ಯಾವುದೋ ಮನೆಯವರಿಗೆ ಅಲ್ಲೇ ಉಳಿಯಲು ಒಂದು ಕಾರಣ ಸಿಗುತ್ತದೆ. ಕುಟುಂಬವೊಂದು ಬಾಡಿಗೆಗೆ ಇರಬಹುದಾದ ಪಟ್ಟಣದ ಫ್ಲಾಟನ್ನು ನಾವು ಮೂರು ರಾತ್ರಿಗೆ ಹಿಡಿದರೆ ಒಂದು ಮಗುವಿನ ಹಾಜರಿ ಕಡಿಮೆಯಾಗುತ್ತದೆ. ಬೋಸ್ನಿಯಾದ ಮೊಸ್ತಾರ್ ಊರಿನ ಸೇತುವೆಯನ್ನೇ ತೆಗೆದುಕೊಳ್ಳಿ. 1566ರಲ್ಲಿ ಆಟೋಮನ್ನರ ಕಾಲದಲ್ಲಿ ಕಟ್ಟಿದ್ದು, 1993ರ ನವೆಂಬರ್ 9ರಂದು ಯುದ್ಧದಲ್ಲಿ ಒಡೆದುಬಿದ್ದದ್ದು, 2004ರಲ್ಲಿ ಮತ್ತೆ ಎದ್ದು ನಿಂತದ್ದು. ಬೇಸಿಗೆಯಲ್ಲಿ ದುಬ್ರೋವ್ನಿಕ್ ಕಡೆಯಿಂದ ಬಸ್ಸುಗಳಲ್ಲಿ ಬಂದವರು ಎರಡು ಗಂಟೆ ಫೋಟೊ ತೆಗೆದು ಹೊರಟುಹೋಗುತ್ತಾರೆ. ಸಂಜೆ ಬಸ್ಸುಗಳೆಲ್ಲ ಹೋದ ಮೇಲೆ ಅಲ್ಲೇ ಉಳಿದವನಿಗೆ ಎರಡೂ ದಡದ ಜನರ ಮಾತು ಕೇಳುತ್ತದೆ, ಸೇತುವೆ ಕಟ್ಟಿದ್ದೇಕೆಂಬುದು ತಿಳಿಯುತ್ತದೆ. ಇದಕ್ಕೆ ಬೇರೆ ಊರು ಹುಡುಕಬೇಕಾಗಿಲ್ಲ, ಅದೇ ಊರಿನಲ್ಲಿ ಒಂದು ರಾತ್ರಿ ಹೆಚ್ಚು ಇದ್ದರೆ ಸಾಕು.

ಕನ್ನಡದ ಮನೆಗಳಿಗೆ ಇಲ್ಲೊಂದು ಅನುಕೂಲವೂ ಇದೆ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳುಗಳಲ್ಲಿ. ಯುರೋಪಿನವರ ರಜೆ ಜುಲೈ, ಆಗಸ್ಟ್‌ಗಳಲ್ಲಿ. ಅವರ ಜಾತ್ರೆ ಶುರುವಾಗುವ ಮೊದಲೇ ನಮ್ಮ ಶಾಲೆಗಳು ತೆರೆದಿರುತ್ತವೆ. ಮೇ ತಿಂಗಳಲ್ಲಿ ಅಲ್ಬೇನಿಯಾದ ಬೆರಾತ್‌ನ ಓಣಿಗಳಲ್ಲೋ ಪೋರ್ಚುಗಲ್ಲಿನ ಅಲೆಂತೆಜು ಬಯಲಲ್ಲೋ ನಡೆಯುವವನಿಗೆ ಜಂಗುಳಿಯೂ ಇಲ್ಲ, ಸುಡುಬಿಸಿಲೂ ಇಲ್ಲ. 2023ರ ಜುಲೈನಲ್ಲಿ ಗ್ರೀಸಿನ ರೋಡ್ಸ್ ದ್ವೀಪದ ಕಾಳ್ಗಿಚ್ಚಿಗೆ ಸುಮಾರು 19,000 ಜನರನ್ನು ಸಾಗಿಸಬೇಕಾಯಿತು ಎಂಬುದನ್ನು ನೆನೆದರೆ, ನಡುಬೇಸಿಗೆಯನ್ನು ಬಿಡುವುದು ಜಾಣತನವೂ ಹೌದು. ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ತುಂಬುವಂತೆ ಸರದಿಯಲ್ಲಿ ಹೋದರೆ ಹಿರ್ಷ್ ಹೇಳಿದ ತುದಿಗಾಲಿನ ಕಷ್ಟ ಸ್ವಲ್ಪ ತಗ್ಗಬಹುದು.

ಕೊನೆಗೆ ಉಳಿಯುವುದು ಹೋಗಿಬಂದವರ ಹೊಣೆ. ಒಳ್ಳೆಯ ಊರನ್ನು ಕಂಡವನು ಅದರ ಹೆಸರನ್ನು ಹೇಳಬೇಕೆ, ಮುಚ್ಚಿಡಬೇಕೆ? ಮುಚ್ಚಿಟ್ಟರೆ ಸ್ವಾರ್ಥ, ಸಾರಿ ಹೇಳಿದರೆ ಇಸೆಲ್ಟ್‌ವಾಲ್ಡ್‌ನ ಗೇಟು. ಹೇಳಬಹುದು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಅಲ್ಲಿನ ನೋಟವನ್ನಷ್ಟೇ ಹೇಳಿ ಸುಮ್ಮನಾಗಬಾರದು. ಅಲ್ಲಿ ರೊಟ್ಟಿ ಸುಡುವವರು ಯಾರು, ಅವರ ಮಕ್ಕಳು ಎಲ್ಲಿ ಓದುತ್ತಾರೆ, ನೀರು ಯಾವ ತಿಂಗಳಲ್ಲಿ ಕಡಿಮೆಯಾಗುತ್ತದೆ ಎಂಬುದನ್ನೂ ಸೇರಿಸಿ ಹೇಳಬೇಕು. ಹಾಗೆ ಹೇಳಿಸಿಕೊಂಡು ಹೋದವನಿಗೆ ಅದು ಯಾರೂ ಇಲ್ಲದ ಊರಾಗಿ ಕಾಣುವುದಿಲ್ಲ. ಯಾರದೋ ಮನೆಯ ಅಂಗಳಕ್ಕೆ ಕಾಲಿಡುತ್ತಿದ್ದೇನೆಂದು ತಿಳಿದವನು ದನಿಯನ್ನು ಸ್ವಲ್ಪ ತಗ್ಗಿಸಿಯೇ ಮಾತಾಡುತ್ತಾನೆ.